ಲಿಫ್ಟ್ ಮಾಡಿರೋ ಜೀಪ್ ಪಿಕಪ್, 60 ದಾಟಿದ್ರೆ ಸ್ಟೀರಿಂಗ್ ಗಡಗಡ ಒದರುತ್ತೆ, ಎಲ್ಲಿಂದ ನೋಡ್ಕೊಂಡ್ ಬರೋದು?

ಸಕ್ಕರೆನಾಡ್ ಲೀಫ್‌ಸ್ಪ್ರಿಂಗ್, ಮಂಡ್ಯ

ಎಲ್ರಿಗೂ ನಮಸ್ಕಾರ. ನಮ್ಮನೇಲಿ ಹಳೇ ಜೀಪ್ ಚಾಸಿ ಮೇಲೆ ಕಟ್ಟಿರೋ ಪಿಕಪ್ ಐತೆ, ಫೋರ್ ವೀಲ್ ಡ್ರೈವು, ಮುಂದೆ ಹಿಂದೆ ಎರಡೂ ಕಡೆ ಗಟ್ಟಿ ಆಕ್ಸಲ್ಲು, ಲೀಫ್ ಸ್ಪ್ರಿಂಗು, ಮುಂದೆ ಲಾಕಿಂಗ್ ಹಬ್ಬು (ಫೋರ್ ವೀಲ್ ಬೇಡದಾಗ ಮುಂದಿನ ಚಕ್ರಾನ ಆಕ್ಸಲ್ ಶಾಫ್ಟಿಂದ ಬಿಡಿಸೋದು), ಪವರ್ ಸ್ಟೀರಿಂಗ್ ಇಲ್ಲ. ಗೊಬ್ಬರ, ಬೂಸಾ ಮೂಟೆ, ಕಬ್ಬಿನ ಸೋಗೆ ಎಲ್ಲಾ ಇದ್ರಲ್ಲೇ. ಮಳೆಗಾಲದಲ್ಲಿ ನಾಲೆ ಏರಿ ಮೇಲೆ ಟ್ರ್ಯಾಕ್ಟರ್ ಓಡಾಡಿ ಮಧ್ಯ ದಿಬ್ಬ ಆಗಿ ತಳ ತಗಲ್ತಿತ್ತು ಅಂತ ಎರಡೂವರೆ ಇಂಚು ಏರ್ಸಿದೀವಿ, ಮುಂದ್ಗಡೆ ಉದ್ದ ಶ್ಯಾಕಲ್ (ಸ್ಪ್ರಿಂಗಿನ ಒಂದು ತುದೀನ ಚಾಸಿಗೆ ಜೋಡಿಸೋ ಕೊಂಡಿ) ಜೊತೆಗೆ ಒಂದು ಎಕ್ಸ್‌ಟ್ರಾ ಸ್ಪ್ರಿಂಗ್ ಪಟ್ಟಿ. ಟೈರು 31 ಇಂಚು, ರಿಮ್ಮು 15, ಹೊರಗಡೆಗೆ ಸ್ವಲ್ಪ ಜಾಸ್ತಿ ಚಾಚಿರೋ ಟೈಪು.

ಊರೊಳಗೆ ಏನೂ ಇಲ್ಲ, ಬೆಣ್ಣೆ ತರ ಹೋಗುತ್ತೆ. 60-65 ದಾಟಿ ಒಂದು ಚಕ್ರ ಗುಂಡೀಗೋ ಸೇತುವೆ ಜಾಯಿಂಟ್‌ಗೋ ಬಿತ್ತು ಅಂದ್ರೆ ಮಾತ್ರ ಸ್ಟೀರಿಂಗ್ ಎಡಕ್ಕೂ ಬಲಕ್ಕೂ ಹೊಡ್ಕೊಳ್ಳೋಕೆ ಶುರು ಮಾಡುತ್ತೆ, ಬಾನೆಟ್ಟು ಫೆಂಡರ್ರು ಎಲ್ಲಾ ಅಲ್ಲಾಡುತ್ತೆ, 30ಕ್ಕೆ ಇಳಿಸೋವರ್ಗೂ ನಿಲ್ಲಲ್ಲ. ಶ್ರೀರಂಗಪಟ್ಟಣ ಬೈಪಾಸ್ ಸೇತುವೆ ಮೇಲೆ ಆದಾಗ ಹಿಂದೆ ಬಸ್ ಬರ್ತಿತ್ತು, ಜೀವ ಬಾಯಿಗೆ ಬಂದ್ಬುಡ್ತು. ಒಂದು ಗ್ಯಾರೇಜಲ್ಲಿ ಬ್ಯಾಲೆನ್ಸು ಅಲೈನ್‌ಮೆಂಟು ಮಾಡಿ ಹೊಸ ಸ್ಟೀರಿಂಗ್ ಡ್ಯಾಂಪರ್ (ಸ್ಟೀರಿಂಗಿನ ಒದೆತ ತಡೆಯೋ ಶಾಕ್ ಅಬ್ಸಾರ್ಬರ್) ಹಾಕಿದ್ರು, ಸ್ವಲ್ಪ ದಿನ ನಿಲ್ತು, ಈಗ ವಾಪಸ್ ಬಂದೈತೆ. ಈಗ ಸ್ಟೀರಿಂಗ್ ಬಾಕ್ಸೇ ಬದಲಾಯ್ಸಿ ಅಂತಾವ್ರೆ. ದುಡ್ಡು ಸುರಿಯೋ ಮುಂಚೆ ತಿಳಿದೋರನ್ನ ಕೇಳಾಣ ಅಂತ.

ಬನ್ನೂರ್ ಡೀಸಲ್

ಬ್ಯಾಲೆನ್ಸಿಂಗ್ ಇನ್ನೊಂದ್ ಸಲ ಬೇರೆ ಕಡೆ ಮಾಡ್ಸಿ ಅಣ್ಣ, ಮಡ್ ಟೈರು ಸಣ್ಣ ಮಷೀನಲ್ಲಿ ಸರಿಯಾಗಿ ಕೂರಲ್ಲ. ಮಷೀನ್ ಕೋನು ರಿಮ್ಮಿನ ಮಧ್ಯದ ತೂತಿಗೆ ನೆಟ್ಟಗೆ ಕೂತಿಲ್ಲ ಅಂದ್ರೆ ಸೊನ್ನೆ ತೋರಿಸಿದ್ರೂ ರೋಡಲ್ಲಿ ಒದರುತ್ತೆ. ಟೈರ್ ಒಳಗೆ ಕೆಸರು ನೀರು ಏನಾದ್ರೂ ಐತಾ ನೋಡಿ, ರಿಮ್ಮಿನ ಹಿಂದೆ ಮೆತ್ತಿರೋ ಮಣ್ಣೂ ಕೆರೆದಾಕಿ.

ಮೇಟಗಳ್ಳಿ ಟೂಲ್‌ಬಾಕ್ಸ್, ಮೈಸೂರು

ಬನ್ನೂರ್ ಹೇಳಿದ್ದು ಸರಿ, ಅದನ್ನ ಮಾಡ್ಸೋದ್ರಲ್ಲಿ ತಪ್ಪಿಲ್ಲ, ಆದ್ರೆ ಇದು ಬರೀ ಬ್ಯಾಲೆನ್ಸ್ ತರ ಕಾಣ್ತಿಲ್ಲ, ಯಾಕೆ ಅಂತ ಹೇಳ್ತೀನಿ. ಬ್ಯಾಲೆನ್ಸ್ ಹೋಗಿರೋ ಚಕ್ರ ಒಂದು ನಿರ್ದಿಷ್ಟ ಸ್ಪೀಡಲ್ಲಿ ನಡುಗುತ್ತೆ, 75ಕ್ಕೆ ಶುರುವಾಗಿ 95ಕ್ಕೆ ಹೋಗ್ಬಿಡುತ್ತೆ ಅನ್ನೋ ತರ, ರೋಡು ನುಣ್ಣಗಿದ್ರೂ ಬರುತ್ತೆ, ಗುಂಡಿ ಬೇಕಾಗಿಲ್ಲ. ನಿಮ್ಮದು ಗುಂಡಿಗೆ ಬಿದ್ರೆ ಮಾತ್ರ ಎದ್ದೇಳುತ್ತೆ, ಎದ್ಮೇಲೆ ತಾನೇ ತಾನಾಗಿ ಬೆಳೆಯುತ್ತೆ, ಸ್ಪೀಡ್ ಪೂರ್ತಿ ಇಳಿಸೋವರೆಗೂ ಬಿಡಲ್ಲ. ಇದನ್ನೇ ಎಲ್ರೂ ಡೆತ್ ವಾಬಲ್ ಅನ್ನೋದು, ಗಟ್ಟಿ ಆಕ್ಸಲ್ ಇರೋ ಜೀಪು ಜಿಪ್ಸಿಗಳಲ್ಲಿ ಜಾಸ್ತಿ, ಹೊರದೇಶದ ದೊಡ್ಡ ಪಿಕಪ್‌ಗಳಲ್ಲೂ ಮುಂದೆ ಗಟ್ಟಿ ಆಕ್ಸಲ್ ಇದ್ರೆ ಇದೇ ಗೋಳು.

ಆಗೋದು ಏನಂದ್ರೆ, ಗಟ್ಟಿ ಆಕ್ಸಲ್ಲಲ್ಲಿ ಎರಡು ಮುಂದಿನ ಚಕ್ರ ಒಂದೇ ನೊಗಕ್ಕೆ ಕಟ್ಟಿರೋ ಎತ್ತುಗಳಿದ್ದ ಹಾಗೆ, ಒಂದು ಬೆಚ್ಚಿದ್ರೆ ಇನ್ನೊಂದೂ ಎಳೆದಾಡುತ್ತೆ. ಒಂದು ಚಕ್ರ ಮೇಲೆದ್ದಾಗ ಆಕ್ಸಲ್ ವಾಲುತ್ತೆ, ಜೋರಾಗಿ ತಿರುಗ್ತಿರೋ ಚಕ್ರ ವಾಲಿಸಿದ್ರೆ ಅದು ಪಕ್ಕಕ್ಕೆ ತಿರುಗೋಕೆ ನೋಡುತ್ತೆ, ಗೈರೋ ಎಫೆಕ್ಟು. ಆ ತಿರುಗಾಟ ಟೈ ರಾಡ್ (ಎರಡು ಮುಂದಿನ ಚಕ್ರ ಜೋಡಿಸೋ ರಾಡು) ಮೂಲಕ ಆ ಕಡೆ ಚಕ್ರಕ್ಕೆ ಹೋಗುತ್ತೆ, ವಾಪಸ್ ಬರುತ್ತೆ. 31 ಇಂಚಿನ ಟೈರ್ ಸುತ್ತಳತೆ ಹತ್ತತ್ರ 2.47 ಮೀಟರು, 65ರ ಸ್ಪೀಡಲ್ಲಿ ಸೆಕೆಂಡಿಗೆ 7 ಸುತ್ತು ದಾಟುತ್ತೆ, ಜಾಯಿಂಟ್‌ಗಳು ಟೈಟಾಗಿದ್ರೆ ಆ ಒದೆತ ಒಂದೆರಡು ಸಲಕ್ಕೆ ಸತ್ತು ಹೋಗುತ್ತೆ. ಎಲ್ಲೋ ಲೂಸ್ ಇದ್ರೆ ಆ ಲೂಸೊಳಗೆ ಚಕ್ರಕ್ಕೆ ಆಡೋಕೆ ಜಾಗ ಸಿಗುತ್ತೆ, ಹಿಡ್ಕೊಳ್ಳೋರು ಯಾರೂ ಇರಲ್ಲ.

ಅದಕ್ಕೇ ಡ್ಯಾಂಪರ್ ಹಾಕ್ದಾಗ ಸ್ವಲ್ಪ ದಿನ ನಿಂತಿದ್ದು. ಡ್ಯಾಂಪರ್ ಲೂಸನ್ನ ಸರಿ ಮಾಡಲ್ಲ, ಮುಚ್ಚುತ್ತೆ. ಒಳಗೆ ಸವೀತಾ ಇರೋದು ಸವೀತಾನೇ ಇರುತ್ತೆ, ನಮಗೆ ಗೊತ್ತಾಗೋ ಹೊತ್ತಿಗೆ ಡ್ಯಾಂಪರ್ ಮೀರಿ ಹೋಗಿರುತ್ತೆ. ನನ್ನ ಪ್ರಕಾರ ಗುಂಡಿಗೆ ಬಿದ್ರೆ ಒದರೋ ಗಾಡಿಗೆ ಕಾರಣ ಹುಡುಕದೆ ಡ್ಯಾಂಪರ್ ಹಾಕಿ ಕಳಿಸೋದು ದೊಡ್ಡ ಅನ್ಯಾಯ, ಆ ಗಾಡೀಲಿ ಮನೆ ಮಂದಿ ಕೂರ್ತಾರೆ.

ಕಾರಣ ಸಿಗೋವರೆಗೂ ದಯವಿಟ್ಟು ಎಕ್ಸ್‌ಪ್ರೆಸ್‌ವೇ ಹತ್ತಬೇಡಿ. ಅಲ್ಲಿ 100ರ ಲಿಮಿಟ್ಟು, ಹಿಂದಿನೋರು ಅದೇ ಸ್ಪೀಡಲ್ಲಿ ಬರ್ತಿರ್ತಾರೆ, ನೀವು ದಿಢೀರ್ ಅಂತ 30ಕ್ಕೆ ಬಂದ್ರೆ ಅವರಿಗೆ ನಿಲ್ಸೋಕಾಗಲ್ಲ. ಸರ್ವಿಸ್ ರೋಡಲ್ಲಿ 45-50ರೊಳಗೆ ಹೋಗಿ. ಅಕಸ್ಮಾತ್ ಬಂದ್ರೆ ಆಕ್ಸಿಲರೇಟರ್ ಬಿಡಿ, ಸ್ಟೀರಿಂಗ್ ಗಟ್ಟಿಯಾಗಿ ಹಿಡೀರಿ ಆದ್ರೆ ಹೆಬ್ಬೆರಳು ಸ್ಪೋಕ್ ಒಳಗೆ ಇರಬಾರ್ದು, ಒದೆತಕ್ಕೆ ಮುರಿಯುತ್ತೆ. ಸಡನ್ ಬ್ರೇಕ್ ಬೇಡ, ಮೆಲ್ಲಗೆ ಒತ್ತಿ ಎಡಕ್ಕೆ ತಗೊಳ್ಳಿ.

ಈಗ ನಂಗೆ ಇಷ್ಟು ಹೇಳಿ: ಮುಂದಿನ ಸ್ಪ್ರಿಂಗಿನ ಶ್ಯಾಕಲ್ ಬಂಪರ್ ಕಡೆ ಇದ್ಯಾ ಡ್ರೈವರ್ ಕಡೆ ಇದ್ಯಾ, ತಿರುವಿಂದ ಆಚೆ ಬಂದ್ಮೇಲೆ ಸ್ಟೀರಿಂಗ್ ತಾನಾಗೇ ನೆಟ್ಟಗಾಗುತ್ತಾ ಇಲ್ಲ ನೀವೇ ವಾಪಸ್ ತಿರುಗಿಸ್ಬೇಕಾ, ಕಿಂಗ್‌ಪಿನ್ (ಚಕ್ರ ಎಡಕ್ಕೂ ಬಲಕ್ಕೂ ತಿರುಗೋ ಕೀಲು) ಯಾವಾಗ ಬಿಚ್ಚಿದ್ರು, ಟೈರು ರೇಡಿಯಲ್ಲಾ ನೈಲಾನಾ.

ಸಕ್ಕರೆನಾಡ್ ಲೀಫ್‌ಸ್ಪ್ರಿಂಗ್, ಮಂಡ್ಯ

ಇಷ್ಟು ಬಿಡಿಸಿ ಯಾರೂ ಹೇಳಿರ್ಲಿಲ್ಲ ಅಣ್ಣ. ಶ್ಯಾಕಲ್ಲು ಬಂಪರ್ ಕಡೇನೇ. ಸ್ಟೀರಿಂಗ್ ತಾನಾಗೇ ಬರಲ್ಲ, ಲಿಫ್ಟ್ ಮಾಡಿದ್ಮೇಲೆ ಅದು ಕಮ್ಮಿಯಾಗೈತೆ, ನಾವೇ ಎಳ್ಕೋಬೇಕು, ನೆಟ್ಟಗೆ ಹೋಗೋವಾಗ್ಲೂ ಅತ್ತಿತ್ತ ಅಲೀತದೆ. ಕಿಂಗ್‌ಪಿನ್ ಯಾವ ಕಾಲದ್ದೋ ನಂಗ್ ಗೊತ್ತಿಲ್ಲ, ನಮ್ಮ ಕೈಗೆ ಬಂದ್ಮೇಲೆ ಯಾರೂ ಮುಟ್ಟಿಲ್ಲ. ಟೈರು ರೇಡಿಯಲ್ಲು.

ಕೆರೆತೊಣ್ಣೂರ್ ಟ್ರೇಲ್

ನೈಲಾನ್ ಯಾಕೆ ಕೇಳಿದ್ರು ಅಂದ್ರೆ ನೈಲಾನ್ ಟೈರು ರಾತ್ರಿಯೆಲ್ಲಾ ನಿಂತ್ರೆ ಕೆಳಗಡೆ ಚಪ್ಪಟೆ ಆಗುತ್ತೆ, ಬೆಳಗ್ಗೆ ಹೊರಟಾಗ ದಡದಡ ಅನ್ನುತ್ತೆ, ಬಿಸಿಯಾದ್ಮೇಲೆ ಸರಿಹೋಗುತ್ತೆ. ರೇಡಿಯಲ್ ಅಂದ್ರೆ ಅದನ್ನ ಬಿಡಬಹುದು.

ತಾನಾಗೇ ನೆಟ್ಟಗಾಗಲ್ಲ ಅಂದ್ರೆ ಕ್ಯಾಸ್ಟರ್ (ಕಿಂಗ್‌ಪಿನ್ ಹಿಂದಕ್ಕೆ ವಾಲಿರೋ ಕೋನ) ಹೋಗಿದೆ, ನೂರಕ್ಕೆ ನೂರು ಅಲ್ದಿದ್ರೂ ಮೊದಲ ಅನುಮಾನ ಅದೇ.

ಮೇಟಗಳ್ಳಿ ಟೂಲ್‌ಬಾಕ್ಸ್, ಮೈಸೂರು

ಹೌದು, ಕ್ಯಾಸ್ಟರ್ ಮೇಲೆ ನನಗೂ ಅನುಮಾನ, ಆದ್ರೆ ಕ್ಯಾಸ್ಟರ್ ಒಂದೇ ಅಂತ ಈಗ್ಲೇ ತೀರ್ಮಾನ ಮಾಡೋದು ಬೇಡ. ಇಂಥ ಗಾಡೀಲಿ ಸಾಮಾನ್ಯವಾಗಿ ಎರಡು ಮೂರು ಕಾರಣ ಸೇರ್ಕೊಂಡಿರುತ್ತೆ, ಒಂದೊಂದೇ ಆಗಿದ್ರೆ ಗಾಡಿ ತಡ್ಕೊಳ್ತಿತ್ತು.

ಮೊದಲು ಗಾಡಿ ನೆಲದ ಮೇಲೆ ಇರೋವಾಗ್ಲೇ ನೋಡಿ. ತುಂಬ ಜನ ಮೊದಲು ಜಾಕ್ ಹಾಕಿ ಎತ್ತಿಬಿಡ್ತಾರೆ, ಎತ್ತಿದ್ರೆ ಭಾರ ಹೋಗಿ ಕೆಲವು ಲೂಸು ಕಾಣ್ಸೋದೇ ಇಲ್ಲ. ಸಮತಟ್ಟಾದ ಗಟ್ಟಿ ಜಾಗದಲ್ಲಿ ನಿಲ್ಸಿ, ಚಕ್ರ ನೆಟ್ಟಗಿರ್ಲಿ, ಹ್ಯಾಂಡ್ ಬ್ರೇಕ್ ಹಾಕಿ ಹಿಂದಿನ ಚಕ್ರಕ್ಕೆ ಎರಡೂ ಕಡೆ ಕಲ್ಲು ಇಡಿ, ಇಂಜಿನ್ ಆಫು. ಮನೇವ್ರನ್ನೋ ಪಕ್ಕದ್ಮನೆ ಹುಡುಗನ್ನೋ ಒಳಗೆ ಕೂರ್ಸಿ ಸ್ಟೀರಿಂಗನ್ನ ಒಂದು ಗೇಣು ಎಡಕ್ಕೆ ಒಂದು ಗೇಣು ಬಲಕ್ಕೆ ಬಿಡದೆ ಆಡಿಸ್ತಾ ಇರಕ್ಕೆ ಹೇಳಿ. ಪೂರ್ತಿ ತಿರುಗಿಸೋದಲ್ಲ, ಸುಮ್ನೆ ಟಕ ಟಕ ಅಂತ. ನೀವು ಕೆಳಗೆ ಮಲಗಿ ಒಂದೊಂದು ಜಾಯಿಂಟಿನ ಮೇಲೂ ಅಂಗೈ ಇಟ್ಟು ನೋಡಿ. ಕಣ್ಣಿಗೆ ಕಾಣ್ದಿರೋ ಲೂಸು ಅಂಗೈಗೆ ಟಿಕ್ ಅಂತ ಬಡೀತದೆ.

ಸ್ಟೀರಿಂಗ್ ಬಾಕ್ಸಿಂದ ಶುರು ಮಾಡಿ. ಬಾಕ್ಸು ಚಾಸಿಗೆ ಕೂತಿರೋ ಬೋಲ್ಟು, ಆ ಜಾಗದಲ್ಲಿ ಚಾಸೀಲೇ ಬಿರುಕು ಬಿಟ್ಟಿದ್ಯಾ ನೋಡಿ, ಹಳೇ ಗಾಡೀಲಿ ಬಾಕ್ಸ್ ಚೆನ್ನಾಗಿದ್ದು ಅದು ಕೂತಿರೋ ತಗಡೇ ಉಸಿರಾಡ್ತಿರುತ್ತೆ. ಆಮೇಲೆ ಕಾಲಮ್ ಜಾಯಿಂಟು, ಪಿಟ್‌ಮನ್ ಆರ್ಮು (ಬಾಕ್ಸಿಂದ ಆಚೆ ಬರೋ ತೋಳು), ಡ್ರ್ಯಾಗ್ ಲಿಂಕಿನ (ಆ ತೋಳಿಂದ ಚಕ್ರದ ಕಡೆ ಹೋಗೋ ರಾಡು) ಎರಡು ತುದಿ, ಟೈ ರಾಡಿನ ಎರಡು ತುದಿ. ರಾಡು ತನ್ನ ಮೈಸುತ್ತ ಸ್ವಲ್ಪ ಹೊರಳೋದು ಸಹಜ, ಬಾಲ್ ಜಾಗದಲ್ಲಿ ಮೇಲೆ ಕೆಳಗೆ ಹೋಗೋದು, ಪಕ್ಕಕ್ಕೆ ಜಾರೋದು ಸಹಜ ಅಲ್ಲ. ಆಮೇಲೆ ಸ್ಪ್ರಿಂಗ್ ಬುಷ್ಷು, ಶ್ಯಾಕಲ್ ಪಿನ್ನು, ಯು ಬೋಲ್ಟು (ಸ್ಪ್ರಿಂಗನ್ನ ಆಕ್ಸಲ್ಲಿಗೆ ಬಿಗಿದಿರೋದು). ಕಾಯಿಲ್ ಸ್ಪ್ರಿಂಗ್ ಗಾಡಿಯಲ್ಲಿ ಆಕ್ಸಲ್ ಪಕ್ಕಕ್ಕೆ ಸರೀದಂಗೆ ಟ್ರ್ಯಾಕ್ ಬಾರ್ ಅಂತ ಒಂದು ರಾಡ್ ಇರುತ್ತೆ, ಅವುಗಳಲ್ಲಿ ಅದನ್ನೇ ಮೊದಲು ನೋಡ್ಬೇಕು. ನಿಮ್ಮ ಗಾಡೀಲಿ ಆ ಕೆಲ್ಸಾನ ಲೀಫ್ ಸ್ಪ್ರಿಂಗೇ ಮಾಡುತ್ತೆ, ಬುಷ್ ಹೋಗಿದ್ರೆ ಸ್ಟೀರಿಂಗ್ ಆಡಿಸ್ದಾಗ ಚಕ್ರ ತಿರುಗೋ ಮುಂಚೆ ಬಾಡಿನೇ ಪಕ್ಕಕ್ಕೆ ವಾಲುತ್ತೆ, ಮುಂದೆ ನಿಂತು ನೋಡಿದ್ರೆ ಕಾಣುತ್ತೆ.

ಇಷ್ಟಾದ್ಮೇಲೆ ಜಾಕು. ಚಾಸಿಗೆ ಅಲ್ಲ, ಆಕ್ಸಲ್ ಕೆಳಗೆ, ಜೊತೆಗೆ ಸ್ಟ್ಯಾಂಡ್ ಕಡ್ಡಾಯ, ಬರೀ ಜಾಕ್ ನಂಬಿ ಕೆಳಗೆ ಹೋಗಬೇಡಿ.

ಕೆರೆತೊಣ್ಣೂರ್ ಟ್ರೇಲ್

ಜಾಕ್ ಹಾಕಿದ್ಮೇಲೆ ಮಾಡೋದು ನಾನು ಹೇಳ್ತೀನಿ. ಚಕ್ರಾನ ಮೇಲೊಂದು ಕೈ ಕೆಳಗೊಂದು ಕೈ, ಗಡಿಯಾರದ 12ಕ್ಕೂ 6ಕ್ಕೂ ಹಿಡಿದು ಒಳಗೆ ಹೊರಗೆ ಅಲ್ಲಾಡ್ಸಿ. ಆಟ ಇದ್ರೆ ವೀಲ್ ಬೇರಿಂಗ್ ಇರಬಹುದು ಇಲ್ಲ ಕಿಂಗ್‌ಪಿನ್ ಬೇರಿಂಗ್ ಇರಬಹುದು. ಯಾವುದು ಅಂತ ತಿಳ್ಕೊಳ್ಳೋಕೆ ಒಬ್ಬರಿಗೆ ಬ್ರೇಕ್ ಗಟ್ಟಿಯಾಗಿ ತುಳ್ದು ಹಿಡ್ಕೊಳ್ಳಿ ಅನ್ನಿ. ಬ್ರೇಕ್ ತುಳಿದಾಗ ಹಬ್ಬು ನಕಲ್ಲಿಗೆ (ಕಿಂಗ್‌ಪಿನ್ ಮೇಲೆ ತಿರುಗೋ ಭಾಗ) ಅಂಟ್ಕೊಳ್ಳುತ್ತೆ, ಆಟ ನಿಂತ್ಹೋದ್ರೆ ವೀಲ್ ಬೇರಿಂಗು, ಬ್ರೇಕ್ ತುಳಿದ್ರೂ ಆಟ ಹಾಗೇ ಇದ್ರೆ ಕಿಂಗ್‌ಪಿನ್ನು. 3ಕ್ಕೂ 9ಕ್ಕೂ ಹಿಡಿದು ಆಡ್ಸಿದಾಗ ಮಾತ್ರ ಬರೋ ಆಟ ಸಾಮಾನ್ಯವಾಗಿ ಟೈ ರಾಡ್ ಕಡೇದು.

ಅದೇ ಹೊತ್ತಿಗೆ ಚಕ್ರ ಸುತ್ಸಿ, ಒಂದು ಸೀಮೆಸುಣ್ಣ ಇಟ್ಟಿಗೆ ಮೇಲಿಟ್ಟು ಟೈರ್ ಮೇಲ್ಮೈಗೆ ಹತ್ತಿರ ಹಿಡೀರಿ, ಎಲ್ಲಿ ತಗಲುತ್ತೆ ಎಲ್ಲಿ ಬಿಡುತ್ತೆ ನೋಡಿದ್ರೆ ಟೈರ್ ಮೊಟ್ಟೆ ಆಗಿದ್ಯಾ ರಿಮ್ ಡೊಂಕಾಗಿದ್ಯಾ ಗೊತ್ತಾಗುತ್ತೆ. ಒಂದೂವರೆ ಎರಡು ಮಿಲಿಮೀಟರ್ ಮೇಲೆ ಹೋದ್ರೆ ಬ್ಯಾಲೆನ್ಸ್ ಮಷೀನ್ ಅದನ್ನ ಸರಿ ಮಾಡಲ್ಲ.

ಬನ್ನೂರ್ ಡೀಸಲ್

ನಮ್ಮ ಮಾವನ ಜೀಪಲ್ಲಿ ಡ್ಯಾಂಪರ್ ಹಾಕಿ ವರ್ಷಗಟ್ಲೆ ಓಡಿಸ್ತಾವ್ರೆ ಟೂಲ್‌ಬಾಕ್ಸ್ ಅಣ್ಣ, ಏನೂ ಆಗಿಲ್ಲ. ಎಲ್ಲಾ ಬಿಚ್ಚೋ ಮುಂಚೆ ಒಳ್ಳೇ ಡ್ಯಾಂಪರ್ ಹಾಕಿ ನೋಡಬಹುದಲ್ವ, ಸಿಕ್ಕಿರೋದು ಡೂಪ್ಲಿಕೇಟ್ ಇರಬಹುದು.

ಮೇಟಗಳ್ಳಿ ಟೂಲ್‌ಬಾಕ್ಸ್, ಮೈಸೂರು

ನಿಮ್ಮ ಮಾವನ ಗಾಡಿ ಸ್ಟಾಕ್ ಎತ್ತರ ಸ್ಟಾಕ್ ಟೈರ್ (ಕಂಪನಿ ಕೊಟ್ಟಿದ್ದೇ) ಇರಬೇಕು ಅಲ್ವಾ? ಜಾಯಿಂಟ್ ಎಲ್ಲಾ ಸರಿ ಇರೋ ಗಾಡೀಲಿ ಡ್ಯಾಂಪರ್ ಒಳ್ಳೇದೇ, ಕಲ್ಲಿಗೆ ಹೊಡೆದಾಗ ಕೈಗೆ ಬರೋ ಏಟು ಕಮ್ಮಿ ಮಾಡುತ್ತೆ, ಕೆಲವಕ್ಕೆ ಕಂಪನಿಯಿಂದಲೇ ಬರುತ್ತೆ. ನಾನು ಬೇಡ ಅನ್ನೋದು ಅದನ್ನ ಔಷಧಿ ಅಂತ ಕೊಡೋದನ್ನ. ಸರಿ ಇರೋ ಮುಂಭಾಗ ಡ್ಯಾಂಪರ್ ಬಿಚ್ಚಿ ಓಡ್ಸಿದ್ರೂ ಒದರಬಾರ್ದು, ನನ್ನ ಅಳತೆ ಅದು. ಮತ್ತೆ ಸಕ್ಕರೆನಾಡ್ ಅಣ್ಣಂಗೆ ದೊಡ್ಡ ಡ್ಯಾಂಪರ್ ಹಾಕ್ಸಿ ಕಳಿಸಿಬಿಟ್ರೆ, ಒಳಗೆ ಟೈ ರಾಡ್ ತುದಿ ಸವೆದು ಕಳಚ್ಕೊಳ್ಳೋವರೆಗೂ ಅವರಿಗೆ ಗೊತ್ತೇ ಆಗಲ್ಲ. ಆ ಭಯ ನನಗೆ.

ಸರಸ್ವತಿಪುರಂ ಟಾರ್ಕ್

ಕ್ಯಾಸ್ಟರ್ ಬಗ್ಗೆ ಬರೀತೀನಿ, ಇದು ಲಿಫ್ಟ್ ಮಾಡೋರಲ್ಲಿ ಮುಕ್ಕಾಲು ಜನಕ್ಕೆ ಯಾರೂ ಹೇಳಲ್ಲ. ಕಿಂಗ್‌ಪಿನ್ ಮೇಲ್ತುದಿ ಸ್ವಲ್ಪ ಹಿಂದಕ್ಕೆ ವಾಲಿರ್ಬೇಕು, ಆ ಕೋನಾನೇ ಕ್ಯಾಸ್ಟರ್. ಅದಿದ್ರೆ ಚಕ್ರ ತಾನಾಗೇ ನೆಟ್ಟಗೆ ಬರುತ್ತೆ, ಸ್ಪೀಡಲ್ಲಿ ಗಾಡಿ ಗೆರೆ ಹಿಡಿದು ಹೋಗುತ್ತೆ. ಹಳೇ ಜೀಪುಗಳಿಗೆ ಅದು 3 ಡಿಗ್ರಿ, ಸಣ್ಣ ಟೈರಿಗೆ ಅಂತ ಇಟ್ಟಿದ್ದು. ದೊಡ್ಡ ಟೈರು ಲಿಫ್ಟು ಅಂದ್ರೆ 4-5 ಇದ್ರೆ ಒಳ್ಳೇದು ಅಂತ ನನ್ನ ಅನುಭವ.

ನಿಮ್ಮ ಶ್ಯಾಕಲ್ ಬಂಪರ್ ಕಡೆ ಇರೋದ್ರಿಂದ ಅದನ್ನ ಉದ್ದ ಮಾಡಿದಾಗ ಸ್ಪ್ರಿಂಗಿನ ಮುಂದಿನ ಕಣ್ಣು ಕೆಳಗಿಳೀತು, ಹಿಂದಿನ ಕಣ್ಣು ಅಲ್ಲೇ ಉಳೀತು, ಇಡೀ ಸ್ಪ್ರಿಂಗು ಅದರ ಮೇಲಿರೋ ಆಕ್ಸಲ್ಲು ಮುಂದಕ್ಕೆ ಬಗ್ಗಿತು. ಆಕ್ಸಲ್ ಮುಂದಕ್ಕೆ ಬಗ್ಗಿದ್ರೆ ಕಿಂಗ್‌ಪಿನ್ ಮೇಲ್ತುದಿ ಮುಂದಕ್ಕೆ ಬಂತು, ಕ್ಯಾಸ್ಟರ್ ಹೋಯ್ತು. ಎಕ್ಸ್‌ಟ್ರಾ ಪಟ್ಟಿ ಹಾಕಿದ್ರಿಂದ ಅಷ್ಟು ತೊಂದ್ರೆ ಆಗಲ್ಲ, ಅದು ಸವಾರಿ ಗಟ್ಟಿ ಮಾಡುತ್ತೆ ಅಷ್ಟೇ. ಶ್ಯಾಕಲ್ಲಲ್ಲಿ ಎತ್ತರ ತಗೊಳ್ಳೋದು ಅಗ್ಗ, ಅರ್ಧ ದಿನದಲ್ಲಿ ಆಗುತ್ತೆ, ಅದಕ್ಕೇ ಎಲ್ಲಾ ಕಡೆ ಅದನ್ನೇ ಮಾಡ್ತಾರೆ. ನನಗೆ ಆ ಪದ್ಧತಿ ಇಷ್ಟ ಇಲ್ಲ, ಸರಿಯಾದ ಕಮಾನಿನ ಸ್ಪ್ರಿಂಗ್ ಕಟ್ಟಿಸೋದೇ ಮೇಲು.

ಅಳೆಯೋಕೆ ದೊಡ್ಡ ಮಷೀನ್ ಬೇಕಿಲ್ಲ. ಸಮತಟ್ಟು ನೆಲ, ಟೈರಿಗೆ ಎರಡೂ ಕಡೆ ಒಂದೇ ಗಾಳಿ, ಚಕ್ರ ನೆಟ್ಟಗೆ. ನಕಲ್ ಮೇಲಿನ ಕಿಂಗ್‌ಪಿನ್ ಕ್ಯಾಪ್ ಚಪ್ಪಟೆ ಜಾಗ ಚೆನ್ನಾಗಿ ಕೆರೆದು, ಸ್ಟೀಲ್ ಸ್ಕೇಲ್ ಮುಂದೆ-ಹಿಂದೆ ದಿಕ್ಕಿಗೆ ಇಟ್ಟು ಅದ್ರ ಮೇಲೆ ಮೊಬೈಲಲ್ಲಿ ಕೋನ ಅಳೆಯೋ ಆಪ್ ಇಡಿ. ಕ್ಯಾಪು ಕಿಂಗ್‌ಪಿನ್ನಿಗೆ ಅಡ್ಡಡ್ಡ ಇರೋದ್ರಿಂದ ಹಿಂದ್ಗಡೆ ಎಷ್ಟು ಇಳಿದಿದ್ಯೋ ಅಷ್ಟು ಕ್ಯಾಸ್ಟರ್, ಮುಂದ್ಗಡೆ ಇಳಿದಿದ್ರೆ ಉಲ್ಟಾ ಹೋಗಿದೆ ಅಂತ. ಎರಡೂ ಕಡೆ ಅಳೀರಿ, ಮೊಬೈಲ್ ತಿರುಗಿಸಿಟ್ಟು ಇನ್ನೊಮ್ಮೆ ಅಳೆದು ನೋಡಿ, ಕೆಲವು ಫೋನು ಅರ್ಧ ಡಿಗ್ರಿ ಸುಳ್ಳು ಹೇಳ್ತವೆ.

ಅಂದ ಹಾಗೆ ರಿಮ್ಮು ಹೊರಗೆ ಚಾಚಿದೆ ಅಂದ್ರಲ್ಲ, ಅದೂ ಲೆಕ್ಕಕ್ಕೆ ಬರುತ್ತೆ. ಕಿಂಗ್‌ಪಿನ್ ಗೆರೆಯಿಂದ ಟೈರ್ ಮಧ್ಯ ಎಷ್ಟು ದೂರ ಹೋಗುತ್ತೋ ಅಷ್ಟು ಉದ್ದ ಸನ್ನೆ ಸಿಕ್ಕಂಗೆ ಪ್ರತಿ ಗುಂಡಿಗೂ, ಹಬ್ಬಿಗೂ ರಿಮ್ಮಿಗೂ ಮಧ್ಯೆ ಸ್ಪೇಸರ್ ಬಿಲ್ಲೆ ಏನಾದ್ರೂ ಇದ್ರೆ ತೆಗೆದಾಕಿ. ಕಾನೂನು ಕಡೆ ಒಂದು ಮಾತು, ಮೋಟಾರು ವಾಹನ ಕಾಯ್ದೆ 52ನೇ ಸೆಕ್ಷನ್ ಪ್ರಕಾರ ಆರ್.ಸಿ.ಯಲ್ಲಿರೋ ವಿವರ ಕಂಪನಿ ಕೊಟ್ಟಿದ್ದಕ್ಕಿಂತ ಬೇರೆ ಆಗೋ ತರ ಬದಲಾವಣೆ ಮಾಡೋ ಹಾಗಿಲ್ಲ, 2019ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಹೇಳಿದೆ. ಆಕ್ಸಿಡೆಂಟ್ ಆದ್ರೆ ಇನ್ಶೂರೆನ್ಸ್‌ನೋರು ಮೊದಲು ನೋಡೋದೇ ಇದನ್ನ, ಎತ್ತರ ಎಷ್ಟು ಇಟ್ಕೋಬೇಕು ಅನ್ನೋ ಯೋಚನೆಯಲ್ಲಿ ಇದೂ ಇರ್ಲಿ.

ಹೂಟಗಳ್ಳಿ ಡಬಲ್‌ಕ್ಯಾಬ್

ಮಧ್ಯೆ ಬಂದೆ, ಕ್ಷಮಿಸಿ. ನಂದು ಹೊಸ ಕಾಲದ ಡಬಲ್ ಕ್ಯಾಬ್ ಪಿಕಪ್ಪು, ಮುಂದೆ ಇಂಡಿಪೆಂಡೆಂಟ್ ಸಸ್ಪೆನ್ಷನ್, 2 ಇಂಚ್ ಸ್ಪೇಸರ್ ಲಿಫ್ಟ್ (ಸ್ಪ್ರಿಂಗ್ ಜೊತೆ ದಪ್ಪ ಬಿಲ್ಲೆ ಇಟ್ಟು ಎತ್ತರಿಸಿರೋದು), ಹೊರಗಡೆ ತಗೊಂಡಿರೋ ಅಲಾಯ್ ರಿಮ್ಮು. ನಂಗೆ 80ರಿಂದ 95ರವರೆಗೆ ಸ್ಟೀರಿಂಗ್ ಸಣ್ಣಗೆ ಜುಮ್ ಅನ್ನುತ್ತೆ, ಆಮೇಲೆ ಹೋಗುತ್ತೆ. ಬ್ಯಾಲೆನ್ಸ್ ಮಾಡ್ಸಿದ್ರೂ ಹಾಗೇ. ನನ್ನದಕ್ಕೂ ಇದೇ ಟೆಸ್ಟಾ?

ಮೇಟಗಳ್ಳಿ ಟೂಲ್‌ಬಾಕ್ಸ್, ಮೈಸೂರು

ಡಬಲ್‌ಕ್ಯಾಬ್, ನಿಮ್ಮದು ಬೇರೆ ಜಾತಿ ಕಾಯಿಲೆ. ಎರಡು ಚಕ್ರ ಒಂದೇ ಆಕ್ಸಲ್ಲಿಗೆ ಕಟ್ಟಿಲ್ಲ, ಅದಕ್ಕೆ ನಿಮಗೆ ಡೆತ್ ವಾಬಲ್ ಬರೋದು ಅಪರೂಪ. ನಿಮ್ಮ ಅಲಾಯ್ ಮಧ್ಯದ ತೂತು ನೋಡಿ. ಆರು ಬೋಲ್ಟು ಕೂರೋ ವೃತ್ತದ 139.7 ಮಿಲಿಮೀಟರ್ ಅಳತೆ ಬೇರೆ ಬೇರೆ ಪಿಕಪ್ಪಿಗೆ ಒಂದೇ ಇದ್ರೂ ಹಬ್ಬಿನ ಮಧ್ಯದ ದಪ್ಪ ಬೇರೆ ಬೇರೆ, ಎಲ್ಲದಕ್ಕೂ ಕೂರ್ಲಿ ಅಂತ ಹೊರಗಿನ ಅಲಾಯ್‌ಗಳಲ್ಲಿ ದೊಡ್ಡ ತೂತು ಬಿಟ್ಟಿರ್ತಾರೆ. ಆಗ ಚಕ್ರ ನಟ್ಟಿನ ಮೇಲಷ್ಟೇ ಕೂತಿರುತ್ತೆ, ಒಂದು ಕೂದಲೆಳೆ ಆಚೀಚೆ ಕೂತ್ರೂ ಮಷೀನಲ್ಲಿ ಸೊನ್ನೆ, ರೋಡಲ್ಲಿ ಜುಮ್. ಅಳತೆಗೆ ಸರಿಯಾದ ಹಬ್ ರಿಂಗ್ (ಆ ತೂತಿನ ಸಂದು ತುಂಬೋ ಬಳೆ) ಹಾಕ್ಸಿ, ಚಕ್ರ ಎತ್ತಿರೋವಾಗ್ಲೇ ನಟ್ಟುಗಳನ್ನ ಎದುರುಬದುರು ಸ್ವಲ್ಪ ಸ್ವಲ್ಪ ಬಿಗಿ ಮಾಡಿ, ಕೆಳಗಿಳಿಸಿ ಟಾರ್ಕ್ ರೆಂಚಲ್ಲಿ ಮುಗಿಸಿ. ಗನ್ ಇಟ್ಟು ಬರ್ರ್ ಅನ್ನಿಸಬೇಡಿ.

ಅದಾದ್ಮೇಲೂ ಇದ್ರೆ ಯಾವಾಗ ಬರುತ್ತೆ ಗಮನಿಸಿ. ಬ್ರೇಕ್ ತುಳಿದಾಗ ಮಾತ್ರ ಅಂದ್ರೆ ಡಿಸ್ಕು. ಆಕ್ಸಿಲರೇಟರ್ ಕೊಟ್ಟಾಗ ಬಂದು ಬಿಟ್ಟಾಗ ಹೋದ್ರೆ ಲಿಫ್ಟಿಂದ ಡ್ರೈವ್ ಶಾಫ್ಟಿನ ಸಿ.ವಿ. ಜಾಯಿಂಟ್ ಕೋನ ಜಾಸ್ತಿಯಾಗಿರುತ್ತೆ. ಸ್ಟೀರಿಂಗಲ್ಲಿ ಇಲ್ದೆ ಸೀಟಲ್ಲಿ ಗೊತ್ತಾದ್ರೆ ಹಿಂದಿನ ಟೈರೋ ಪ್ರೊಪೆಲ್ಲರ್ ಶಾಫ್ಟೋ. ಮತ್ತೆ ಸ್ಪೇಸರ್ ಹಾಕಿದ್ಮೇಲೆ ಮೇಲಿನ ಬಾಲ್ ಜಾಯಿಂಟ್ ಕೊನೇ ಅಂಚಿಗೆ ಹೋಗಿರುತ್ತೆ, ರಬ್ಬರ್ ಬೂಟ್ ಹರಿದಿದ್ಯಾ ನೋಡಿ.

ಸಕ್ಕರೆನಾಡ್ ಲೀಫ್‌ಸ್ಪ್ರಿಂಗ್, ಮಂಡ್ಯ

ಅಣ್ಣಂದಿರಾ, ಭಾನ್ವಾರ ನಮ್ಮ ತಮ್ಮನ್ನ ಸ್ಟೀರಿಂಗಿಗೆ ಕೂರ್ಸಿ ನೀವು ಹೇಳಿದಂಗೇ ಕೆಳಗೆ ಮಲಗಿದ್ದೆ. ಸ್ಟೀರಿಂಗ್ ಬಾಕ್ಸ್ ಗಟ್ಟಿಯಾಗೈತೆ, ಬಿರುಕು ಇಲ್ಲ. ಟೈ ರಾಡಲ್ಲಿ ಎಡಗಡೆ ತುದಿ ಅಂಗೈಗೆ ಟಿಕ್ ಟಿಕ್ ಅಂತ ಬಡೀತು, ಕಣ್ಣಿಗೆ ನಿಜವಾಗ್ಲೂ ಏನೂ ಕಾಣ್ತಿರ್ಲಿಲ್ಲ. ಬುಷ್ಷು ಸುಮಾರು.

ಜಾಕ್ ಹಾಕಿ 12-6 ಹಿಡಿದು ಅಲ್ಲಾಡ್ಸಿದ್ರೆ ಬಲಗಡೆ ಸ್ವಲ್ಪ ಆಟ, ಬ್ರೇಕ್ ತುಳಿದ್ರೆ ನಿಂತೋಯ್ತು. ಎಡಗಡೆ ಜಾಸ್ತಿ ಆಟ, ಬ್ರೇಕ್ ತುಳಿದ್ರೂ ಹಂಗೇ. ಮೊಬೈಲಲ್ಲಿ ಕ್ಯಾಸ್ಟರ್ ಎಡಗಡೆ ಅರ್ಧ ಡಿಗ್ರಿ, ಬಲಗಡೆ ಒಂದು. 3 ಎಲ್ಲಿ ಅರ್ಧ ಎಲ್ಲಿ. ಸ್ಟೀರಿಂಗ್ ಬಾಕ್ಸ್ ಬದಲಾಯ್ಸಿದ್ರೆ ಇದ್ರಲ್ಲಿ ಒಂದೂ ಸರಿ ಹೋಗ್ತಿರ್ಲಿಲ್ಲ ಅಂತ ನೆನೆಸ್ಕೊಂಡ್ರೆ ಹೊಟ್ಟೆ ಉರೀತದೆ.

ಕೆರೆತೊಣ್ಣೂರ್ ಟ್ರೇಲ್

ಸಿಕ್ತು ನೋಡಿ. ಬಲಗಡೆ ವೀಲ್ ಬೇರಿಂಗ್, ಎಡಗಡೆ ಕಿಂಗ್‌ಪಿನ್, ಎಡಗಡೆ ಟೈ ರಾಡ್ ತುದಿ, ಮೇಲೆ ಕ್ಯಾಸ್ಟರ್.

ಮೇಟಗಳ್ಳಿ ಟೂಲ್‌ಬಾಕ್ಸ್, ಮೈಸೂರು

ಕೆಳಗೆ ಮಲಗಿ ಇಷ್ಟು ಚೆನ್ನಾಗಿ ನೋಡಿದ್ದಕ್ಕೆ ನಿಜವಾಗ್ಲೂ ಖುಷಿಯಾಯ್ತು. ಈಗ ಕಿಂಗ್‌ಪಿನ್ ಕೆಲಸದ ಬಗ್ಗೆ, ಯಾಕಂದ್ರೆ ಇಲ್ಲೇ ಗ್ಯಾರೇಜಲ್ಲಿ ಅವಸರ ಮಾಡ್ತಾರೆ. ಒಂದು ಕಡೆ ಹೋಗಿದ್ರೂ ಎರಡೂ ಕಡೆ ಬಿಚ್ಸಿ, ಮೇಲಿಂದು ಕೆಳಗಿಂದು ಬೇರಿಂಗು, ಅದು ಕೂರೋ ಕಪ್ಪು, ನಕಲ್ ಸೀಲು ಎಲ್ಲಾ ಸೆಟ್ ಹೊಸದು. ಕೆಳಗಿನ ಬೇರಿಂಗ್ ಕಪ್ಪಲ್ಲಿ ರೋಲರ್ ಕೂತು ಕೂತು ಗೆರೆ ಬಿದ್ದಿರುತ್ತೆ, ನೀರು ಕೆಸರಲ್ಲಿ ಓಡಿಸೋ ಗಾಡೀಲಿ ತುಕ್ಕೂ ಇರುತ್ತೆ.

ಆಮೇಲೆ ಶಿಮ್ಮು. ಕಿಂಗ್‌ಪಿನ್ ಕ್ಯಾಪ್ ಕೆಳಗೆ ತೆಳ್ಳಗಿನ ತಗಡು ಇರ್ತವೆ, ತೆಗೆದಷ್ಟೂ ಬೇರಿಂಗ್ ಮೇಲೆ ಒತ್ತಡ ಜಾಸ್ತಿ. ಆಟ ಹೋಗೋವರೆಗೂ ತೆಗೆದು ಸುಮ್ನಾದ್ರೆ ಸಾಲದು, ನಕಲ್ ತಿರುಗಿಸೋಕೆ ಒಂದು ಬಿಗಿ ಬೇಕು, ಆ ಬಿಗೀನೇ ಒದೆತವನ್ನ ನುಂಗೋದು. ಸೀಲ್ ಹಾಕೋ ಮುಂಚೆ, ಟೈ ರಾಡ್ ಬಿಚ್ಚಿಟ್ಟು, ಟೈ ರಾಡ್ ಕೂರೋ ತೂತಿಗೆ ಸ್ಪ್ರಿಂಗ್ ತಕ್ಕಡಿ ಸಿಗಿಸಿ ನಿಧಾನಕ್ಕೆ ಎಳೆದು ನಕಲ್ ಎಷ್ಟಕ್ಕೆ ತಿರುಗುತ್ತೆ ನೋಡ್ಬೇಕು, ನಿಮ್ಮ ಆಕ್ಸಲ್ಲಿನ ಮ್ಯಾನ್ಯುಯಲ್ಲಲ್ಲಿರೋ ಅಂಕಿಗೆ ಬರೋವರೆಗೂ ಶಿಮ್ ಆಡಿಸ್ಬೇಕು. ಎರಡು ಕಡೇನೂ ಒಂದೇ ಇರ್ಲಿ. ಮೀನಿನ ಅಂಗಡಿ ಕೊಕ್ಕೆ ತಕ್ಕಡಿ ಸಾಕು. ಎರಡು ಸೀಲ್ ಇರೋವಾಗ ಅಳೆದ್ರೆ ಸೀಲಿನ ಬಿಗಿ ಸೇರ್ಕೊಂಡು ಮೋಸ ಹೋಗ್ತೀರ, ಅದಕ್ಕೇ ಮೊದಲೇ ಅಂದೆ.

ಟೈ ರಾಡ್ ತುದಿ ಒಂದೇ ಬದಲಾಯ್ಸಬೇಡಿ, ಎರಡೂ ಹಾಕಿ. ಹಾಕಿದ್ಮೇಲೆ ಟೋ ಅಳೆದೇ ಅಳೀಬೇಕು. ಎರಡು ಚಕ್ರದ ಮುಂಭಾಗದ ಅಂತರ ಹಿಂಭಾಗಕ್ಕಿಂತ 1ರಿಂದ 2 ಮಿಲಿಮೀಟರ್ ಕಮ್ಮಿ, ಟೇಪ್ ಹಿಡಿದು ಆಕ್ಸಲ್ ಎತ್ತರದಲ್ಲೇ ಅಳೀರಿ.

ಸರಸ್ವತಿಪುರಂ ಟಾರ್ಕ್

ಕ್ಯಾಸ್ಟರ್‌ಗೆ ಎರಡು ದಾರಿ. ಉದ್ದ ಶ್ಯಾಕಲ್ ತೆಗೆದು ಹಳೇದು ಹಾಕಿ ಎತ್ತರ ಸ್ಪ್ರಿಂಗಿಂದ ತಗೊಳ್ಳಿ, ಇಲ್ಲ ಸ್ಪ್ರಿಂಗು ಆಕ್ಸಲ್ ಮಧ್ಯೆ ಬೆಣೆ ತರ ಇರೋ ಕ್ಯಾಸ್ಟರ್ ವೆಜ್ ಹಾಕಿ. ವೆಜ್ ಹಾಕಿದ್ರೆ ಆಕ್ಸಲ್ ಹಿಂದಕ್ಕೆ ವಾಲುತ್ತೆ, ಆಗ ಮುಂದಿನ ಡಿಫರೆನ್ಷಿಯಲ್ ಮೂತಿ ನೆಲದ ಕಡೆ ತಿರುಗುತ್ತೆ, ಮುಂದಿನ ಪ್ರೊಪೆಲ್ಲರ್ ಶಾಫ್ಟ್ ಜಾಯಿಂಟಿಗೆ ಕೋನ ಜಾಸ್ತಿ. ನಿಮಗೆ ಲಾಕಿಂಗ್ ಹಬ್ ಇರೋದ್ರಿಂದ ರೋಡಲ್ಲಿ ಹಬ್ ಫ್ರೀ ಇಟ್ರೆ ಶಾಫ್ಟ್ ತಿರುಗೋದೇ ಇಲ್ಲ, ಕೆಸರಲ್ಲಿ ನಿಧಾನಕ್ಕೆ ಹೋಗೋವಾಗ ಅಷ್ಟು ತೊಂದ್ರೆ ಇಲ್ಲ. ಅದಕ್ಕೇ 3 ಡಿಗ್ರಿ ಮೀರಿ ಬೆಣೆ ಬೇಡ. ಕಬ್ಬಿಣದ ವೆಜ್ಜೇ ತಗೊಳ್ಳಿ, ಅಲ್ಯುಮಿನಿಯಂದು ಗೊಬ್ಬರದ ಮೂಟೆ ಭಾರಕ್ಕೆ ಹಿಸುಕಿ ಹೊರಗೆ ಬಂದ್ಬಿಡುತ್ತೆ, ದಪ್ಪ ಭಾಗ ಯಾವ ಕಡೆ ಅಂತ ಹಾಕೋ ಮುಂಚೆ ಆಕ್ಸಲ್ ಯಾವ ಕಡೆ ವಾಲುತ್ತೆ ನೋಡ್ಕೊಂಡೇ ಬಿಗಿ ಮಾಡಿ, ಉಲ್ಟಾ ಹಾಕಿ ಇರೋ ಅರ್ಧಾನೂ ಕಳ್ಕೊಂಡೋರನ್ನ ನೋಡಿದೀನಿ. ಸ್ಪ್ರಿಂಗಿನ ಮಧ್ಯದ ಬೋಲ್ಟ್ ತಲೆ ಆಕ್ಸಲ್ ಪ್ಯಾಡಿನ ತೂತಲ್ಲಿ ಪೂರ್ತಿ ಕೂರ್ಬೇಕು, ವೆಜ್ ದಪ್ಪಕ್ಕೆ ಉದ್ದ ಬೋಲ್ಟೇ ಬೇಕಾಗುತ್ತೆ.

ಸಕ್ಕರೆನಾಡ್ ಲೀಫ್‌ಸ್ಪ್ರಿಂಗ್, ಮಂಡ್ಯ

ಕೆಲಸ ಮುಗೀತು. ಕಿಂಗ್‌ಪಿನ್ ಎರಡೂ ಕಡೆ ಹೊಸ ಸೆಟ್ಟು, ಎಡಗಡೆ ಕೆಳಗಿನ ಕಪ್ಪು ಟೂಲ್‌ಬಾಕ್ಸ್ ಅಣ್ಣ ಹೇಳಿದಂಗೇ ಗೆರೆ ಗೆರೆ, ಒಂದು ರೋಲರ್ ತುಂಡಾಗಿತ್ತು. ನಾನೇ ತಕ್ಕಡಿ ಹಿಡಿದು ಎಳೆದು ಎರಡೂ ಕಡೆ ಒಂದೇ ಅಳತೆಗೆ ಬರೋವರ್ಗೂ ಬಿಡ್ಲಿಲ್ಲ, ಮೆಕ್ಯಾನಿಕ್‌ಗೂ ಆಸಕ್ತಿ ಬಂದು ಪಕ್ಕದಲ್ಲೇ ನಿಂತಿದ್ರು. ಟೈ ರಾಡ್ ತುದಿ ಎರಡೂ, ವೀಲ್ ಬೇರಿಂಗ್ ಎರಡೂ ಕಡೆ ಗ್ರೀಸ್ ಮಾಡಿ ಬಿಗಿ. ಉದ್ದ ಶ್ಯಾಕಲ್ ತೆಗೆಸ್ಬುಟ್ಟೆ, ಮೈಸೂರಲ್ಲಿ ಸ್ಪ್ರಿಂಗ್ ಕಮಾನು ಏರಿಸ್ಕೊಂಡು ಬಂದು ಹಾಕ್ದೆ, ಎತ್ತರ ಒಂದೂವರೆ ಇಂಚಿಗೆ ನಿಂತೈತೆ, ಏರಿ ಮೇಲೆ ಅಷ್ಟು ಸಾಕು. ಸಣ್ಣ ವೆಜ್ ಸೇರಿಸಿ ಈಗ ಕ್ಯಾಸ್ಟರ್ ಎರಡೂ ಕಡೆ 4ರ ಹತ್ರ. ಟೋ 2 ಮಿಲಿಮೀಟರ್.

ಡ್ಯಾಂಪರ್ ಬಿಚ್ಚಿಟ್ಟೇ ಸರ್ವಿಸ್ ರೋಡಲ್ಲಿ ಮೊದಲು 40, ಆಮೇಲೆ 50, ಆಮೇಲೆ 60 ಅಂತ ಒಂದೊಂದೇ ಏರಿಸ್ಕೊಂಡು ನೋಡ್ದೆ. 70ರಲ್ಲಿ ಬೇಕಂತ್ಲೇ ಎಡಗಡೆ ಚಕ್ರ ರಸ್ತೆ ಒಡೆದಿರೋ ಜಾಗಕ್ಕೆ ಬಿಟ್ಟೆ, ಒಂದು ಸಲ ಕೈಗೆ ಏಟು ಬಂತು, ಅಷ್ಟಕ್ಕೇ ಸತ್ತೋಯ್ತು. ತಿರುವಲ್ಲಿ ಕೈ ಸಡಿಲ ಬಿಟ್ರೆ ಸ್ಟೀರಿಂಗ್ ತಾನಾಗೇ ವಾಪಸ್ ಬರ್ತದೆ. ಕೈ ತುಂಬಾ ಹಗುರ ಇದ್ದಿದ್ದು ಈಗ ಸ್ವಲ್ಪ ಭಾರ ಆಗೈತೆ ಪಾರ್ಕಿಂಗಲ್ಲಿ, ಅದು ಸರಿನಾ?

ಮೇಟಗಳ್ಳಿ ಟೂಲ್‌ಬಾಕ್ಸ್, ಮೈಸೂರು

ಸರಿ, ಕ್ಯಾಸ್ಟರ್ ಜಾಸ್ತಿ ಆದ್ರೆ ನಿಂತಲ್ಲಿ ಸ್ಟೀರಿಂಗ್ ಭಾರ ಆಗೇ ಆಗುತ್ತೆ, ಪವರ್ ಸ್ಟೀರಿಂಗ್ ಇಲ್ದಿರೋ ಗಾಡೀಲಿ ಗೊತ್ತಾಗುತ್ತೆ. ತಿರುಗಿಸೋವಾಗ ಗಾಡಿ ಒಂಚೂರು ಉರುಳಿಸಿ ತಿರುಗಿಸಿ. ಹಳೇ ಡ್ಯಾಂಪರ್ ಸೋರ್ತಿಲ್ಲ ಅಂದ್ರೆ ಈಗ ವಾಪಸ್ ಹಾಕ್ಕೊಳ್ಳಿ, ಈಗ ಅದು ತನ್ನ ಕೆಲ್ಸ ತಾನು ಮಾಡುತ್ತೆ.

ಯು ಬೋಲ್ಟುಗಳನ್ನ 100 ಕಿಲೋಮೀಟರ್ ಓಡಿದ್ಮೇಲೆ ಒಂದ್ಸಲ, 500 ಆದ್ಮೇಲೆ ಇನ್ನೊಂದ್ಸಲ ಟಾರ್ಕ್ ರೆಂಚಲ್ಲೇ ಬಿಗಿ ಮಾಡಿ, ವೆಜ್ ಪಟ್ಟಿ ಎಲ್ಲಾ ಕೂತ್ಮೇಲೆ ಸಡಿಲ ಆಗೇ ಆಗುತ್ತೆ. ಗಾಡಿ ನೆಲದ ಮೇಲೆ ಭಾರ ಹೊತ್ತಿರೋವಾಗ ಬಿಗಿ ಮಾಡ್ಬೇಕು, ಎತ್ತಿಟ್ಟು ಅಲ್ಲ. ಶ್ಯಾಕಲ್ ನಟ್ಟುಗಳಿಗೂ ಹಾಗೇ.

ಹೂಟಗಳ್ಳಿ ಡಬಲ್‌ಕ್ಯಾಬ್

ಹಬ್ ರಿಂಗ್ ಹಾಕ್ಸಿದೆ, ಜುಮ್ ಅನ್ನೋದು ಮುಕ್ಕಾಲು ಹೋಯ್ತು. ಉಳಿದಿದ್ದು ಬ್ರೇಕ್ ತುಳಿದಾಗ ಮಾತ್ರ.

ಮೇಟಗಳ್ಳಿ ಟೂಲ್‌ಬಾಕ್ಸ್, ಮೈಸೂರು

ಹಾಗಾದ್ರೆ ಡಿಸ್ಕು. ಬಿಚ್ಚಿ ಹಬ್ಬಿನ ಮುಖದಲ್ಲಿರೋ ತುಕ್ಕು ವೈರ್ ಬ್ರಷ್ಷಲ್ಲಿ ಕೆರೆದು, ಡಿಸ್ಕ್ ವಾಪಸ್ ಕೂರ್ಸಿ ಡಯಲ್ ಗೇಜಲ್ಲಿ ಓರೆ ಇದ್ಯಾ ಅಂತ ಅಳೆದು ನೋಡ್ಸಿ, ಎಷ್ಟೋ ಸಲ ಡಿಸ್ಕ್ ಚೆನ್ನಾಗಿದ್ದು ಹಿಂದಿನ ತುಕ್ಕಿಂದಲೇ ಓರೆ ಕೂತಿರುತ್ತೆ. ಕೆರೆಯೋಕ್ ಮುಂಚೆ ಹೊಸ ಡಿಸ್ಕ್ ತಗೋಬೇಡಿ.